ದೊಡ್ಡಕೆರೆ ಪಾರ್ಕಿನ ಸೈಕಲ್ ದಾರಿಗೆ ಉಣುಗೋಲು ಹಾಕಿದವರ ಬಗ್ಗೆ

ನನ್ನ ಹೆಸರು ಚಂದ್ರಶೇಖರಪ್ಪ, ತಂದೆ ದಿವಂಗತ ಗುರುಶಾಂತಪ್ಪ, ವಯಸ್ಸು ನಲವತ್ತನಾಲ್ಕು, ಕಸಬು ಸೈಕಲ್ ಬಾಡಿಗೆ ಮತ್ತು ರಿಪೇರಿ ಅಂಗಡಿ, ವಾಸ ಚಿಕ್ಕಮಗಳೂರು ಪೇಟೆ ಬೀದಿ. ಸಬ್‌ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ಊರಿನ ದೊಡ್ಡಕೆರೆ ದಂಡೆಯ ಪಾರ್ಕನ್ನು ಪುರಸಭೆಯವರು ಈ ವರ್ಷ ಹೊಸದಾಗಿ ಮಾಡಿಸಿದರು. ಕಲ್ಲುಬೆಂಚು, ಹೂವಿನ ಪಾತಿ, ಬ್ಯಾಂಡು ಬಾರಿಸುವ ಕಟ್ಟೆ, ಎಲ್ಲಕ್ಕೂ ಜಾಗವಿತ್ತು. ಸೈಕಲ್ಲಿಗೆ ಮಾತ್ರ ಇರಲಿಲ್ಲ. ನನ್ನ ಮಗಳು ಸರ್ವಮಂಗಳಾ, ವಯಸ್ಸು ಹದಿಮೂರು, ಕೆರೆಯಾಚೆಯ ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾಳೆ. ಸಂತೆ ರಸ್ತೆಯಲ್ಲಿ ಕಾಫಿ ಮೂಟೆಯ ಗಾಡಿ, ಲಾರಿಗಳ ನಡುವೆ ಹೋಗುವುದಾದರೆ ಶಾಲೆಯೇ ಬೇಡವೆಂದು ನನ್ನ ತಾಯಿ ಶಿವಗಂಗಮ್ಮನವರು ಹೇಳಿದ್ದರು. ಅದಕ್ಕಾಗಿ ದಂಡೆಯ ಮೇಲೆ ಸೈಕಲ್ ದಾರಿ ಕೇಳಿಕೊಂಡು ಎರಡು ವರ್ಷ ಪುರಸಭೆಯ ಮೆಟ್ಟಿಲು ಸವೆಸಿದೆ. ಮೆಂಬರ್ ಪರಮೇಶ್ವರಪ್ಪನವರು, ಪಾರ್ಕು ಇರುವುದು ಗಾಳಿ ಸೇವನೆಗೋ ಚಂದ್ರಶೇಖರಪ್ಪನ ಬಾಡಿಗೆ ಸೈಕಲ್ಲಿಗೋ ಎಂದು ಸಭೆಯಲ್ಲಿ ಎಲ್ಲರನ್ನೂ ನಗಿಸಿದರು. ಕೊನೆಗೆ ದಾರಿಯೇನೋ ಕೊಟ್ಟರು. ದನ ನುಗ್ಗಬಾರದೆಂದು ಅದರ ಬಾಯಿಗೆ ತೋಟಗಳಲ್ಲಿರುವಂಥ ಉಣುಗೋಲು ಇಟ್ಟರು. ಎಂದರೆ ತೂತು ಕೊರೆದ ಎರಡು ಕಂಬ, ಅವುಗಳಿಗೆ ಅಡ್ಡ ಸರಿಸುವ ಮೂರು ಬಿದಿರು. ಸಂಜೆ ನಾಲ್ಕರಿಂದ ಆರರವರೆಗೆ ಮಾಲಿ ಗಿಡ್ಡಪ್ಪನು ಬಿದಿರು ತೆಗೆದಿಟ್ಟು, ಅಷ್ಟು ಹೊತ್ತು ದನ ಕಾಯಬೇಕೆಂದು ಠರಾವಾಯಿತು.

ದಿನಾಂಕ 20ರ ಸೋಮವಾರ ಸಂಜೆ ಸುಮಾರು ಐದು ಗಂಟೆಗೆ ನನ್ನ ಮಗಳು ಶಾಲೆಯಿಂದ ದಂಡೆಯ ಇಳಿಜಾರಿನಲ್ಲಿ ಬರುತ್ತಿದ್ದಳು. ಅಲ್ಲಿ ಲಂಟಾನದ ಪೊದೆ ಬಳಸಿದ ಮೇಲೆಯೇ ಉಣುಗೋಲು ಕಾಣುವುದು. ತೆರೆದಿರಬೇಕಾದ ಹೊತ್ತಿನಲ್ಲಿ ಮೂರೂ ಬಿದಿರು ಹಾಕಿದ್ದವು. ಡಿಕ್ಕಿ ಹೊಡೆದು ಬಿದ್ದು ಬಲಗೈ ಮುರಿಯಿತು, ಮುಂದಿನ ಒಂದು ಹಲ್ಲೂ ಹೋಯಿತು. ನನ್ನ ತಾಯಿ, ಓದಿದ್ದು ಸಾಕು, ಇನ್ನು ಮನೆಯಲ್ಲಿರಲಿ ಎಂದರು. ಪರಮೇಶ್ವರಪ್ಪನವರು ಬರುವ ಶುಕ್ರವಾರದ ಸಭೆಯಲ್ಲಿ ದಾರಿಯನ್ನೇ ಮುಚ್ಚಿಸುವುದಾಗಿ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ನಾಲ್ಕಕ್ಕೇ ಬಿದಿರು ತೆಗೆದಿದ್ದೆನೆಂದು ಗಿಡ್ಡಪ್ಪನು ದೇವರ ಮೇಲೆ ಆಣೆಯಿಟ್ಟನು. ಹಾಗಾದರೆ ಹಾಕಿಸಿದವರು ಪರಮೇಶ್ವರಪ್ಪನವರೇ ಎಂದು ಮಂಗಳವಾರ ಬೆಳಿಗ್ಗೆ ಈ ಠಾಣೆಗೆ ದೂರು ಕೊಟ್ಟೆನು.

ಸಾಹೇಬರು ಸಾಕ್ಷಿ ಕೇಳಿದ್ದರಿಂದ ಅದೇ ಸಂಜೆ ಪೊದೆಯ ಹಿಂದೆ ಕಾದು ಕುಳಿತೆನು. ಗಿಡ್ಡಪ್ಪನು ನನ್ನ ಕಣ್ಣೆದುರೇ ಬಿದಿರು ತೆಗೆದಿಟ್ಟು ದನ ಅಟ್ಟಲು ಹೋದನು. ಮೊದಲು ಬಂದವಳು ತೋಟದ ಆಳು ಹುಚ್ಚಮ್ಮ. ಉಣುಗೋಲು ದಾಟಿ, ತಲೆಯ ಮೇಲಿನ ಸೌದೆ ಹೊರೆ ಇಳಿಸಿ, ಮೂರೂ ಬಿದಿರು ಹಾಕಿ, ಹೊರೆಯನ್ನು ತಿಣುಕುತ್ತ ಮತ್ತೆ ಹೊತ್ತುಕೊಂಡಳು. ವಿಚಾರಿಸಲಾಗಿ, ಉಣುಗೋಲು ತೆಗೆದಿಟ್ಟು ಹೋಗಾಕಾಗುತ್ತಾ ಅಯ್ಯ, ದನ ನುಗ್ಗಿದ್ರೆ ಯಾರು ಹೊಣೆ ಎಂದು ನನ್ನನ್ನೇ ಕೇಳಿದಳು. ನಾನು ತೆಗೆದೆನು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಭೂತಯ್ಯನವರು ಬಂದು ಹಾಕಿದರು. ಪೇಟೆಯವ್ರಿಗೆ ಇಷ್ಟೂ ಗೊತ್ತಾಗಲ್ವಲ್ಲ ಮಾರಾಯ ಎಂದು ಬುದ್ಧಿಯನ್ನೂ ಹೇಳಿದರು. ಮತ್ತೆ ತೆಗೆದೆನು. ಆಮೇಲೆ ಸ್ವತಃ ಪರಮೇಶ್ವರಪ್ಪನವರು ಒಬ್ಬರ ಜೊತೆ ಕಾಫಿ ಧಾರಣೆ ಮಾತಾಡುತ್ತಾ ಬಂದರು. ಸಿಕ್ಕಿಬಿದ್ದರೆಂದು ಎದ್ದು ನಿಂತೆನು. ಅವರು ಮಾತು ನಿಲ್ಲಿಸದೆ, ಬಿದಿರಿನ ಕಡೆ ನೋಡದೆ, ಮೂರನ್ನೂ ಅಡ್ಡ ಹಾಕಿ ಹೋದರು. ತಾವು ಏನು ಮಾಡಿದೆವೆಂಬುದು ಅವರಿಗೇ ಗೊತ್ತಿರಲಿಲ್ಲ. ನಾನು ಮತ್ತೆ ತೆಗೆದೆನು.

ಇಂದು ಬೆಳಿಗ್ಗೆ ದಫೇದಾರ್ ತಮ್ಮಯ್ಯನವರು ಸ್ಥಳ ಮಹಜರಿಗೆ ಬಂದು, ಅಳತೆ ಹಿಡಿದು, ಹೊರಡುವಾಗ ಬಿದಿರು ಹಾಕಿದರು. ನಾನು ಮುಖ ನೋಡಿದ್ದಕ್ಕೆ ಏನ್ ಸ್ವಾಮಿ ಎಂದರು. ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿರುವವರೂ ಅವರೇ. ಇದನ್ನೂ ಬರೆಯಿರಿ ಎಂದು ನಾನೇ ಒತ್ತಾಯ ಮಾಡಿದ್ದೇನೆ.

ಸಾಕುಬೇಕಾಗಿ ಮಧ್ಯಾಹ್ನ ಮನೆಗೆ ಹೋಗಿ, ಯಾರನ್ನು ಹಿಡಿಸಲಿ, ಊರಿಗೆ ಊರೇ ಹಾಕುತ್ತದೆ ಎಂದು ಮಗಳ ಹತ್ತಿರ ಹೇಳಿಕೊಂಡೆನು. ಅವಳು, ನಾನು ಬಿದ್ದಾಗ ಬಿದಿರುಗಳೂ ಕಳಚಿ ಬಿದ್ದಿದ್ವು, ಅಲ್ಲೇ ಎರಡು ಕರು ನಿಂತಿದ್ವು ಅಪ್ಪಯ್ಯ, ಅದಕ್ಕೇ ಎಡಗೈಯಲ್ಲಿ ಮೂರನ್ನೂ ಹಾಕಿಯೇ ಬಂದೆ ಎಂದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆದಕಾರಣ ಪರಮೇಶ್ವರಪ್ಪನವರ ಮೇಲಿನ ದೂರನ್ನು ವಾಪಸು ಪಡೆಯುತ್ತೇನೆ. ಯಾರ ಮೇಲೂ ಕ್ರಮ ಬೇಡ. ಆ ಮೂರು ಬಿದಿರುಗಳನ್ನು ಮಾತ್ರ ಶುಕ್ರವಾರದ ಸಭೆಗೆ ಮುಂಚೆ ಜಪ್ತಿ ಮಾಡಿ ಠಾಣೆಯಲ್ಲಿ ಇಟ್ಟುಕೊಳ್ಳಬೇಕು. ಅವು ಅಲ್ಲಿ ಬಿದ್ದಿರುವವರೆಗೆ ಈ ಊರಿನಲ್ಲಿ ಹಾಕದೆ ಹೋಗುವವರು ಯಾರೂ ಇಲ್ಲ, ನನ್ನ ಮಗಳೂ ಸೇರಿ. ದನ ಕಾಯಲು ಗಿಡ್ಡಪ್ಪನ ಜೊತೆ ಸಂಜೆ ನಾನೂ ನಿಲ್ಲುತ್ತೇನೆ. ಅವಳ ಕೈ ಕೂಡುವಷ್ಟರಲ್ಲಿ ದಾರಿ ತೆರೆದಿರಬೇಕು.

ಬರೆದುದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡು ಹೇಳಿದ್ದೇ ಇದೆ, ಹೆಚ್ಚುಕಡಿಮೆ ಇಲ್ಲ, ಎಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಚಿಕ್ಕಮಗಳೂರು
ದಿನಾಂಕ: 22-11-1939

(ರುಜು) ಚಂದ್ರಶೇಖರಪ್ಪ
ಬರೆದುಕೊಂಡವರು: (ರುಜು) ತಮ್ಮಯ್ಯ, ದಫೇದಾರ್