ಮೂರನೇ ಮಾಳಿಗೆಯ ಬಸವಣ್ಣ

ಬಾಂದ್ರಾದ ಸಂಗೀತ ಶಾಲೆಯೊಂದರ ಗಲ್ಲಿಯಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ. ನಮ್ಮ ಪಕ್ಕದ ಖೋಲಿಯ ಮಹಾದೇವಿ ದಿನಾ ಕೆಲಸ ಮುಗಿಸಿ ರಾತ್ರಿ ಎಂಟು ಗಂಟೆಗೆ ಅದನ್ನು ದಾಟಿ ಸ್ಟೇಷನ್ನಿಗೆ ಬರುವವಳು. ಆವತ್ತು ದಾಟಿದಾಗ ರಾತ್ರಿ ಒಂದೂವರೆ. ಕಾಲಲ್ಲಿ ಚಪ್ಪಲಿ ಇಲ್ಲ. ಗಂಟಲಲ್ಲಿ ದನಿ ಇಲ್ಲ... ಸಯನ್ನಿನ ನಮ್ಮ ಚಾಳಿನ ಮುಂದೆ ಅವಳನ್ನು ರಿಕ್ಷಾದಿಂದ ಇಳಿಸಿಕೊಂಡವರಲ್ಲಿ ನಮ್ಮವ್ವನೂ ಇದ್ದಳು.

ಮಹಾದೇವಿ ಇಂಡಿ ಕಡೆಯವಳು. ಆ ಸಂಗೀತ ಶಾಲೆಯಲ್ಲಿ ಕಸ ಗುಡಿಸುತ್ತಾಳೆ. ಚಾಳಿನಲ್ಲಿ ಯಾರು ಸತ್ತರೂ ಅವಳನ್ನೇ ಕರೆಯುತ್ತಿದ್ದರು. ಸತ್ತವರ ಗುಣ ಎತ್ತಿ, ರಾಗ ತೆಗೆದು ಅವಳು ಅತ್ತರೆ ಬಂದವರೆಲ್ಲ ಅಳಬೇಕು. ಆದರೆ ಒಂಬತ್ತು ವರ್ಷದ ಸ್ವಂತ ಮಗಳು ನಾಗರತ್ನಾ ಜ್ವರದಲ್ಲಿ ಹೋದಾಗ ಅವಳ ಬಾಯಿಂದ ಒಂದು ಸೊಲ್ಲೂ ಹೊರಡಲಿಲ್ಲ. ಆರು ವರ್ಷ ಕಳೆದರೂ... ಮಗಳ ಹೆಸರು ಹೊರಡಲೇ ಇಲ್ಲ.

ಆ ವಾರ ಶಾಲೆಗೆ ಒಂದು ವಾದ್ಯ ಬಂತು. ಇರಾಕಿನ ಕಡೆ ಹಿಂದೆ ಸುಮೇರ್ ಅಂತ ನಾಡಿತ್ತಂತೆ, ಅಲ್ಲಿಯದರ ನಕಲು. ಎದೆಯೆತ್ತರ, ಹನ್ನೊಂದು ತಂತಿ, ಮುಂದೆ ಮರದಲ್ಲಿ ಕೆತ್ತಿದ ಎತ್ತಿನ ತಲೆ.

"ನಮ್ಮ ಬಸವಣ್ಣನ ಹಂಗ ಅದಾನಲ್ರೀ ಬಾಯಾರ" ಅಂದಳು ಮಹಾದೇವಿ.

"ಅಲ್ಲೂ ದೇವರನ, ಮಹಾದೇವಕ್ಕ" ಅಂದರು ಅಲ್ಲಿ ಕಲಿಸುವ, ನಮ್ಮ ಕಡೆಯವರೇ ಆದ ಅನುರಾಧಾ ಟೀಚರ್. "ಗುಡಿಯೊಳಗ ಇಂಥಾ ವಾದ್ಯಕ್ಕ ಹೆಸರಿಟ್ಟು, ಜವೆಗೋಧಿ ಎಡಿ ಇಡತಿದ್ದರಂತ. ದೇವರ ಸಿಟ್ಟು ಇಳೀಲಿ ಅಂತ ಅತ್ತು ಹಾಡತಿದ್ದರಂತ."

"ಅತ್ತು?"

"ಹೂಂ. ನಿಮ್ಮಂಗನ."

ಸಂಜೆ ಏಳಕ್ಕೆ ಎಲ್ಲರೂ ಹೋದರು. ವಾದ್ಯವಿದ್ದದ್ದು ಮೂರನೇ ಮಾಳಿಗೆಯಲ್ಲಿ. ಕಿಟಕಿ ಇಲ್ಲದ ಕೋಣೆ. ಸದ್ದು ದಾಟಬಾರದೆಂದು ಗೋಡೆಗೆಲ್ಲ ದಪ್ಪ ಮೆತ್ತೆ. ಮಹಾದೇವಿ ಗುಡಿಸಿದಳು. ಹೊರಡುವ ಮೊದಲು ಏನನ್ನಿಸಿತೋ... ಊರ ಗುಡಿಯಲ್ಲಿ ಮಾಡುವಂತೆ ಎತ್ತಿನ ಕಿವಿಗೆ ಕೈಯಡ್ಡ ಹಿಡಿದು ಪಿಸುಗುಟ್ಟಿದಳು.

"ನನ್ನ ಎದಿ ಹಗರ ಮಾಡಪಾ."

ಠಕ್.

ಬಾಗಿಲು ಹಾಕಿಕೊಂಡಿತು. ಹಿಡಿ ತಿರುಗಲಿಲ್ಲ. ಬಡಿದಳು. ಆ ಬಡಿತ ಮೆತ್ತೆಯೊಳಗೇ ಸತ್ತುಹೋಯಿತು. ಫೋನು ಕೆಳಗೆ ಚೀಲದಲ್ಲಿ. ಅಷ್ಟರಲ್ಲಿ ಬೆನ್ನ ಹಿಂದೆ... ಫುಸ್ಸ್... ದನ ಮೂಗಿನಿಂದ ಬಿಡುವ ಉಸಿರು. ಕತ್ತಿಗೆ ಬೆಚ್ಚಗೆ ತಾಗಿತು. ತಿರುಗಿದರೆ ಯಾರೂ ಇಲ್ಲ. ದಪ್ಪ ತಂತಿಯೊಂದು ತಾನಾಗಿ ಮಿಡಿಯಿತು. ಝುಂಯ್...

ಅದು ತನ್ನಿಂದ ಹಾಡು ಬೇಡುತ್ತಿದೆ ಅಂತ ಅವಳಿಗೆ ಹೊಳೆಯಿತು. ಭಜನೆ ಹಾಡಿದಳು. ತಂತಿ ಟಪ್ಪನೆ ನಿಂತಿತು. ಎತ್ತಿನ ಕಿವಿಯೊಳಗಿಂದ ಪಿಸುದನಿ:

"ಅದಲ್ಲ..."

ಚಾಳಿನ ಗುರಲಿಂಗಪ್ಪಜ್ಜ ತೀರಿದಾಗ ಅತ್ತದ್ದನ್ನು ಹಾಡಿದಳು. ಕಸ್ತೂರಿಬಾಯಿಯ ಅತ್ತೆಗೆ ಅತ್ತದ್ದನ್ನೂ ಹಾಡಿದಳು. ಟಪ್. "ಅದಲ್ಲ..." ಪ್ರತಿ ಸಲ ಉಸಿರು ಹತ್ತಿರ. ಗಾಳಿ ಬಿಸಿಯಾಯಿತು. ಸೀರೆ ಬೆನ್ನಿಗಂಟಿತು. ಒಂದು ತಾಸೋ, ನಾಲ್ಕು ತಾಸೋ... ಬಾಗಿಲ ಸಂದಿಗೆ ಮೂಗಿಟ್ಟು ಕೂತಳು.

"ಬ್ಯಾಡ... ಅದೊಂದು ಕೇಳಬ್ಯಾಡ ನನ್ನ."

ಝುಂಯ್...

ಕೊನೆಗೆ ಗಂಟಲು ತಾನೇ ಒಡೆಯಿತು.

"ಗೂಟದಾಗ ಸಾಲಿ ಚೀಲ ತೂಗತೈತಿ, ನಿನ್ನ ಹೆಗಲ ಎಲ್ಲಿಟ್ಟೆವ್ವಾ... ಎರಡು ಜಡಿಗೆ ರಿಬ್ಬನ್ ತಂದೀನಿ, ನಿನ್ನ ತಲಿ ಎಲ್ಲಿಟ್ಟೆವ್ವಾ ರತ್ನವ್ವಾ..."

ಈ ಸಲ ತಂತಿ ನಿಲ್ಲಲಿಲ್ಲ. ಎರಡನೆಯದು ಕೂಡಿತು, ಮೂರನೆಯದು ಕೂಡಿತು. ಅವಳು ತಪ್ಪಿದಲ್ಲಿ ಕಾದವು, ಎತ್ತಿದಲ್ಲಿ ಎತ್ತಿದವು. ನೆಲಕ್ಕೆ ಹಣೆ ಹಚ್ಚಿ ದನಿ ಬತ್ತುವತನಕ ಅತ್ತಳು.

ಚಿಟಿಕ್. ಬಾಗಿಲು ತೆರೆಯಿತು. ಕೆಳಗಿದ್ದ ಚೀಲ ಎತ್ತಿಕೊಂಡು, ಚಪ್ಪಲಿ ನೋಡದೆ ಓಡಿದಳು.

ಆವತ್ತು ನಮ್ಮವ್ವನ ತೊಡೆಯ ಮೇಲೆ ತಲೆಯಿಟ್ಟು, ಉಳಿದ ಪಿಸುದನಿಯಲ್ಲೇ ಮಗಳ ಹೆಸರು ಹಿಡಿದು ಮಾತಾಡಿದಳು, ಆರು ವರ್ಷದಲ್ಲಿ ಮೊದಲ ಸಲ. ಬೆಳಿಗ್ಗೆ ಟೀಚರ ಫೋನು ಬಂತು. "ಮಹಾದೇವಕ್ಕ, ಲಗೂನ ಬರ್ರಿ." ನಮ್ಮವ್ವನೂ ಜೊತೆಗೆ ಹೋದಳು.

ವಾದ್ಯದ ಮುಂದೆ ಸಗಣಿ ಬಿದ್ದಿತ್ತು. ಕರು ಹಾಕುವಷ್ಟಲ್ಲ, ದೊಡ್ಡ ಎತ್ತು ಹಾಕುವಷ್ಟು. ವಾಚ್‌ಮನ್ ಮೋನಪ್ಪ ದೇವರ ಮೇಲೆ ಆಣೆ ಇಟ್ಟ: "ಗೇಟಿನಿಂದ ಒಂದು ನಾಯಿ ಸಹ ಒಳಗೆ ಬರ್ಲಿಲ್ಲ ಮಾರಾಯ್ರೆ." ಅಲ್ಲಿಯ ಲಿಫ್ಟಿನಲ್ಲಿ ನಾಲ್ಕು ಜನ ನಿಂತರೆ ಹೆಚ್ಚು. ಸಗಣಿಯ ತುಂಬ ಅರಗದ ಜವೆಗೋಧಿ ಕಾಳು. ಮುಂಬೈಯಲ್ಲಿ ದನಕ್ಕೆ ಜವೆಗೋಧಿ ಯಾರು ಹಾಕುತ್ತಾರೆ, ನೀವೇ ಹೇಳಿ...

ಬಳಿದು ತೆಗೆದವಳು ಮಹಾದೇವಿ, ಬಕೆಟ್ಟು ಹಿಡಿದವಳು ನಮ್ಮವ್ವ. ಇಬ್ಬರೂ ಇನ್ನೂ ಇದ್ದಾರೆ, ಬೇಕಾದರೆ ಕೇಳಿ. ಆ ಸಗಣಿ ಇನ್ನೂ ಬಿಸಿಯಾಗಿತ್ತು.