ತಾಮ್ರದ ತೊಟ್ಟಿಗಳ ನಡುವೆ ಒಂದು ಸನ್ಮಾನ

ಕೆಮ್ಮುತ್ತಿರುವ ಅಧ್ಯಕ್ಷರೇ, ಕಣ್ಣೊರೆಸಿಕೊಳ್ಳುತ್ತಿರುವ ಅತಿಥಿಗಳೇ, ಇವತ್ತು ಹಾರ ಹಾಕಿಸಿಕೊಂಡ ನಮ್ಮ ಮ್ಯಾನೇಜರ್ ಸಾಹೇಬರೇ, ಇದೆಲ್ಲ ಅಭ್ಯಾಸವಾಗಿಹೋಗಿರುವ ನನ್ನ ಸಂಗಾತಿಗಳೇ, ಸಭಿಕರೇ,

ಸಾಹೇಬರೇ, ಆವಿ ಎಳೆಯುವ ಫ್ಯಾನು ಹಾಕಿಸುತ್ತೇವೆ ಎಂದಿರಿ. ಹಾಕಿಸಲಿಲ್ಲ. ಮುಖಕ್ಕೆ ಮಾಸ್ಕ್ ಎಂದಿರಿ. ಬರಲಿಲ್ಲ. ಹಲ್ಲಿನ ಡಾಕ್ಟರು ಬರುತ್ತಾರೆ ಎಂದಿರಿ. ಬಂದರು, ಆಫೀಸಿನವರ ಹಲ್ಲು ನೋಡಿಕೊಂಡು ಹೋದರು. ಕೇಳದೆಯೇ ಸಿಕ್ಕಿದ್ದು ಒಂದೇ, ಈ ಮೈಕು.

ಕಾರ್ಮಿಕರ ಪರವಾಗಿ ಎರಡು ಒಳ್ಳೆಯ ಮಾತಾಡಿ ಎಂದಿದ್ದಾರೆ. ಆಡುತ್ತೇನೆ. ಅತಿಥಿಗಳೇ, ನಿಮ್ಮ ಎರಡೂ ಪಕ್ಕದ ತೊಟ್ಟಿಗಳಲ್ಲಿರುವುದು ಆಸಿಡ್ ಬೆರೆಸಿ ಬಿಸಿ ಮಾಡಿದ ನೀಲಿ ದ್ರಾವಣ. ಅದರಲ್ಲಿ ಕೊಳಕು ತಾಮ್ರದ ದಪ್ಪ ಹಲಗೆ, ಅದರೆದುರು ಶುದ್ಧ ತಾಮ್ರದ ತೆಳು ಹಾಳೆ. ಕರೆಂಟು ಹರಿದಾಗ ಹಲಗೆ ಕರಗುತ್ತದೆ, ತಾಮ್ರ ಹೋಗಿ ಹಾಳೆಯ ಮೇಲೆ ಕೂರುತ್ತದೆ. ತಳಕ್ಕೆ ಬಿದ್ದ ಕೆಸರಿನಲ್ಲಿ ಬೆಳ್ಳಿ, ಬಂಗಾರ ಇರುತ್ತದೆ. ಅದನ್ನು ಬೀಗ ಹಾಕಿ ಕಾಯುತ್ತಾರೆ. ಮೇಲಕ್ಕೆ ಏಳುವ ಆವಿಯನ್ನು ಮಾತ್ರ ಧಾರಾಳವಾಗಿ ನಮಗೇ ಬಿಟ್ಟಿದ್ದಾರೆ.

ಸಭೆ ಇಲ್ಲೇಕೆ ಎಂದು ನನ್ನನ್ನು ದುರುಗುಟ್ಟಬೇಡಿ. ಫೋಟೋದಲ್ಲಿ ಹಿಂದೆ ತಾಮ್ರ ಹೊಳೆಯಬೇಕು ಎಂದವರು ಸಾಹೇಬರೇ. ಸಭೆಗಾಗಿ ಕರೆಂಟು ನಿಲ್ಲಿಸಕೂಡದು ಎಂದವರೂ ಅವರೇ. ನಾವು ಆಜ್ಞಾಧಾರಕರು, ಕುರ್ಚಿ ಹಾಕಿದೆವು. ಸ್ವಲ್ಪ ಹತ್ತಿರವೇ ಹಾಕಿದೆವು.

ನಮ್ಮನೆಯವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಇದೇ ತೊಟ್ಟಿಗಳ ಮೇಲೆ ಓಡಾಡಿ, ಕರೆಂಟು ಹರಿಯುವ ಸಲಾಕೆಗಳ ಮೇಲೆ ನೀರು ಚಿಮುಕಿಸಿ, ಚುಯ್ ಎಂದ ಕಡೆ ಶಾರ್ಟ್ ಆಗಿದೆ ಎಂದು ಕಂಡುಹಿಡಿಯುವವರು. ಮದುವೆಗೆ ಮುಂಚೆ ಅವರ ನಗು ಬೀದಿ ತುದಿಗೆ ಕೇಳುತ್ತಿತ್ತು. ಆ ನಗುವಿಗೇ ನಾನು ಒಪ್ಪಿದ್ದು, ಸಂಬಳಕ್ಕಲ್ಲ. ಈಗ ಮುಂದಿನ ಹಲ್ಲುಗಳನ್ನು ಆವಿ ಅರ್ಧಕ್ಕೆ ತಿಂದಿದೆ. ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಮನೆಯಲ್ಲಿ, ನನ್ನೆದುರಿಗೂ. ಇದನ್ನು ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ. ನಾನೂ ಇದೇ ಹಾಲ್‌ನಲ್ಲಿ ಹಾಳೆ ಕೀಳುವವಳು. ನನ್ನ ಹಲ್ಲು ಇನ್ನೂ ಇದೆ, ಕಾಣಿಸುತ್ತಿದೆಯಲ್ಲವೇ?

ಫ್ಯಾನು ಕೇಳಲು ಹೋದಾಗ ಸಾಹೇಬರು ಏನೆಂದರು ಗೊತ್ತೇ? “ಅದು ಬರೀ ಆವಿ ಕಣಮ್ಮ. ನಿಮ್ಮ ಅಡುಗೆಮನೇಲಿ ಬರಲ್ವಾ?”

ಬರುತ್ತದೆ ಸಾಹೇಬರೇ. ಹಾಗಾದರೆ ನಿಮ್ಮ ಮೂಗಿಗೆ ಕರವಸ್ತ್ರ ಯಾಕೆ? ತೆಗೆಯಿರಿ, ಫೋಟೋದವರು ಕಾಯುತ್ತಿದ್ದಾರೆ. ತಾಮ್ರದ ಶುದ್ಧತೆಗೆ ಹಾರ ಹಾಕಿಸಿಕೊಂಡಿರಿ. ಗಾಳಿಯ ಶುದ್ಧತೆಗೆ ಯಾರ ಕೊರಳು?

ಅತಿಥಿಗಳು ಎದ್ದು ನಿಂತಿದ್ದಾರೆ. ದಯವಿಟ್ಟು ಕೂರಿ, ನಾನಿನ್ನೂ ಆ ಎರಡು ಒಳ್ಳೆಯ ಮಾತನ್ನೇ ಮುಗಿಸಿಲ್ಲ. ಅಧ್ಯಕ್ಷರೇ, ಫ್ಯಾನಿಗೆ ಮಂಜೂರಾತಿ ಕೊಡಬೇಕಾದವರು ನೀವು. ಕೊಡುತ್ತೀರಾ? ತಲೆಯಾಡಿಸುತ್ತಿದ್ದಾರೆ. ಕೆಮ್ಮಿಗೋ ಒಪ್ಪಿಗೆಗೋ ತಿಳಿಯುತ್ತಿಲ್ಲ. ಒಪ್ಪಿಗೆ ಎಂದೇ ಬರೆದುಕೊಳ್ಳೋಣ. ಸಂಗಾತಿಗಳೇ, ಜೋರಾಗಿ ಚಪ್ಪಾಳೆ.

ಇಷ್ಟು ಹೊತ್ತು ನಮ್ಮ ಗಾಳಿಯನ್ನು ಹಂಚಿಕೊಂಡ ಎಲ್ಲರಿಗೂ ವಂದನೆ, ನಮಸ್ಕಾರ. ಫ್ಯಾನು ತಿರುಗದಿದ್ದರೆ ನನ್ನ ಉಳಿದ ಭಾಷಣ ಇದೇ ಹಾಲ್‌ನಲ್ಲಿ, ಇದೇ ಕುರ್ಚಿಗಳಲ್ಲಿ, ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ.