ಮೊಣಕೈಗೆ ಎರಡು ತಟ್ಟು

ಡಿಪೋದ ಎರಡನೇ ಪಾಳಿ ಮುಗಿಸಿ ಭಾವ ನಡೆದೇ ಮನೆಗೆ ಬರುತ್ತಾರೆ. ದಾರಿಯಲ್ಲಿ ಒಂದು ಹಳೆಯ ಬಾವಿ ಇದೆ. ಅದರಿಂದ ಈಗ ಯಾರೂ ನೀರು ಸೇದುವುದಿಲ್ಲ. ಬಾಯಿಗೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಆ ರಾತ್ರಿ ಬಾವಿಯ ಪಕ್ಕ ಬಂದಾಗ ಒಂದು ಸದ್ದು ಕೇಳಿಸಿತು.

ತಪ್... ತಪ್... ತಪ್...

ನೀರಿನ ಸದ್ದಲ್ಲ. ಕಲ್ಲು ಉದುರಿದ ಸದ್ದೂ ಅಲ್ಲ. ಅಂಗೈಯನ್ನು ಸ್ವಲ್ಪ ಬಟ್ಟಲಿನಂತೆ ಮಾಡಿ ಮಗುವಿನ ಬೆನ್ನು ತಟ್ಟಿದರೆ ಬರುತ್ತದಲ್ಲ, ಅದು. ಜೊತೆಗೆ ಅತ್ತು ಅತ್ತು ಸುಸ್ತಾದ ಮಗುವಿನ ಬಿಕ್ಕು. ಒಂದು ಬಿಕ್ಕು... ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

ಭಾವ ಆಚೀಚೆ ನೋಡಿದರು. ಮನೆಗಳೆಲ್ಲ ಕತ್ತಲೆ. ಸದ್ದು ಕೆಳಗಿನಿಂದ ಬಂದ ಹಾಗಿತ್ತು. ಯಾವುದೋ ಮನೆಯ ಸದ್ದು ಬಾವಿಯಲ್ಲಿ ಮೊಳಗುತ್ತಿರಬೇಕು, ಪಾಪ, ನಮ್ಮ ಹಾಗೆ ಇನ್ನೊಬ್ಬರು, ಅಂದುಕೊಂಡು ನಡೆದರು.

ಭಾವ ಅಂದರೆ ನನ್ನ ದೊಡ್ಡಮ್ಮನ ಮಗಳ ಗಂಡ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇದು ಅವರಿಗೂ ಅಕ್ಕನಿಗೂ ಆದದ್ದು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದೇನೆ. ಇಬ್ಬರ ಮಾತೂ ಒಂದೇ.

ಆಗ ಅವರ ಪಾಪುವಿಗೆ ಹಲ್ಲು ಬರುತ್ತಿತ್ತು. ವಸಡು ಊದಿತ್ತು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತಿತ್ತು: ಬಾಚಣಿಗೆ, ಚಮಚ, ಭಾವನ ಮೂಗು. ಜೊಲ್ಲು ಸುರಿದು ಅಂಗಿಯ ಎದೆ ಸದಾ ಒದ್ದೆ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಹಾಸಿಗೆಗೆ ಬೆನ್ನು ತಾಗಿದರೆ ಸಾಕು, ಅಳು. ಹೆಗಲ ಮೇಲೆ ಹಾಕಿಕೊಂಡು ನಡೆದರೆ ಕಣ್ಣು ಮುಚ್ಚುತ್ತಿತ್ತು. ನಿಂತರೆ ತೆರೆಯುತ್ತಿತ್ತು.

"ಹಲ್ಲು ಪಾಪುಗೆ ಬರ್ತಿದೆ, ಪ್ರಾಣ ನಮ್ಮದು ಹೋಗ್ತಿದೆ," ಅನ್ನುತ್ತಿದ್ದರು ಭಾವ.

"ನಿಮ್ಮದಾದ್ರೂ ಡಿಪೋಗೆ ಹೋಗಿ ಬರುತ್ತೆ. ನನ್ನದು ಈ ಕೋಣೇಲೇ ಸುತ್ತುತ್ತೆ," ಅನ್ನುತ್ತಿದ್ದಳು ಅಕ್ಕ.

ಮಾತಾಡಿದರೆ ಪಾಪು ಏಳುತ್ತಿತ್ತು. ಲೈಟ್ ಹಾಕಿದರೂ ಏಳುತ್ತಿತ್ತು. ಅದಕ್ಕೇ ಇಬ್ಬರೂ ಒಂದು ಕ್ರಮ ಮಾಡಿಕೊಂಡಿದ್ದರು. ಎಲ್ಲವೂ ಕತ್ತಲಲ್ಲಿ, ಬಾಯಿ ಬಿಡದೆ. ಭಾವ ಬಂದವರು ಬಚ್ಚಲಿನ ನಲ್ಲಿಯಲ್ಲಿ ಕೈ ತೊಳೆಯಬೇಕು. ಅಕ್ಕನ ಹಿಂದೆ ಬಂದು ನಿಂತು ಮೊಣಕೈಗೆ ಎರಡು ಸಲ ತಟ್ಟಬೇಕು. ಅಕ್ಕ ಮಗುವನ್ನು ಅವರ ಹೆಗಲಿಗೆ ಜಾರಿಸಬೇಕು. ಆಮೇಲೆ ಹೊರಗಿನ ಕೋಣೆಯ ಚಾಪೆಯ ಮೇಲೆ ಬೀಳಬೇಕು. ಬೀಳುವ ಮೊದಲೇ ನಿದ್ದೆ.

ಆ ರಾತ್ರಿ ಅಕ್ಕ ಒಳಕೋಣೆಯಲ್ಲಿ ನಡೆಯುತ್ತಿದ್ದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು. ಸೊರ್‌ರ್... ನಿಂತಿತು. ಮೊಣಕೈಗೆ ಒಂದು ತಟ್ಟು. ಇನ್ನೊಂದು ತಟ್ಟು.

ಬೆರಳು ತಣ್ಣಗಿತ್ತು. ಈಗಷ್ಟೇ ತೊಳೆದ ಕೈ ತಾನೆ, ಅಂದುಕೊಂಡಳು. ಡೀಸೆಲ್ ವಾಸನೆ ಇರಲಿಲ್ಲ. ಅಂತೂ ಇವತ್ತು ಸೋಪು ಮುಟ್ಟಿದ್ದಾರೆ, ಅಂದುಕೊಂಡಳು. ಮಗುವನ್ನು ಜಾರಿಸಿದಳು. ಎರಡು ಕೈಗಳು ಅದನ್ನು ಸರಿಯಾಗಿ ಹಿಡಿದವು. ಕತ್ತಿನ ಹಿಂದೆ ಒಂದು, ಕೆಳಗೆ ಒಂದು. ಹೋಗಿ ಮಲಗಿದಳು.

ಎಚ್ಚರವಾದದ್ದು ಮುಂಬಾಗಿಲಲ್ಲಿ ಕೀಲಿ ತಿರುಗಿದ ಸದ್ದಿಗೆ. ಕಟಕ್. ಭಾವ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬಂದರು.

"ಮತ್ತೆ ಎಲ್ಲಿಗೆ ಹೋಗಿದ್ರಿ?" ಪಿಸುಗುಟ್ಟಿದಳು.

"ಮತ್ತೆ ಏನು ಬಂತು? ಈಗ ಬರ್ತಿದ್ದೀನಿ."

"ಪಾಪು?"

"ನನ್ನ ಕೇಳ್ತೀಯಲ್ಲ... ನಿನ್ನ ಹತ್ರ ತಾನೆ?"

"ನಿಮ್ಮ ಕೈಗೆ ಕೊಟ್ಟೆನಲ್ರೀ..."

ಭಾವನ ಕೈಯಿಂದ ಚಪ್ಪಲಿ ಬಿತ್ತು. ಬಾವಿ ನೆನಪಾಯಿತು. ಆ ಬಿಕ್ಕು ನೆನಪಾಯಿತು. ಅದು ಯಾರ ಮಗುವಿನ ಬಿಕ್ಕು ಅಂತ ಆಗ ಹೊಳೆಯಿತು. ಹೊರಗೆ ಓಡಲು ತಿರುಗಿದರು. ಅಕ್ಕ ಅಂಗಿ ಹಿಡಿದು ಎಳೆದಳು.

"ಶ್... ಕೇಳಿ."

ಒಳಕೋಣೆಯಿಂದ...

ತಪ್... ತಪ್... ತಪ್...

ಹೆಜ್ಜೆಯ ಸದ್ದೂ ಇತ್ತು. ಒದ್ದೆ ಬರಿಗಾಲು ನೆಲಕ್ಕೆ ಅಂಟಿ ಬಿಡುವ ಸದ್ದು. ಗೋಡೆಯವರೆಗೆ ಹೋಗುತ್ತಿತ್ತು. ತಿರುಗುತ್ತಿತ್ತು. ಬಾಗಿಲವರೆಗೆ ಬರುತ್ತಿತ್ತು. ಮತ್ತೆ ತಿರುಗುತ್ತಿತ್ತು. ಮಗುವಿನ ಸದ್ದು ಮಾತ್ರ ಇಲ್ಲ.

ಭಾವ ಸ್ವಿಚ್ಚಿಗೆ ಕೈ ಚಾಚಿದರು. ಆಗ ಅಕ್ಕ ಒಂದು ಮಾತು ಆಡಿದಳು. ಅವಳೇ ನನಗೆ ಹೇಳಿದ್ದು, ಹೇಳುವಾಗ ಮುಖ ಎತ್ತಲಿಲ್ಲ. ಇಷ್ಟು ದಿನಗಳ ಅಭ್ಯಾಸ, ಬಾಯಿಂದ ತಾನಾಗಿ ಬಂತಂತೆ.

"ತಡೀರಿ... ಈಗಷ್ಟೇ ನಿದ್ದೆ ಹತ್ತಿದೆ."

ಒಳಗೆ ಹೆಜ್ಜೆ ನಿಂತಿತು. ಬಾಗಿಲ ಆ ಬದಿಯಿಂದ, ತುಂಬ ಮೆತ್ತಗೆ, ಯಾರೋ ಉತ್ತರ ಕೊಟ್ಟರು.

"ಹ್ಞೂಂ."

ಭಾವ ಸ್ವಿಚ್ ಒತ್ತಿದರು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಪಾಪು ಹಾಸಿಗೆಯ ನಡುವೆ ಮಲಗಿತ್ತು. ಬೆಳಕು ಬಿದ್ದರೂ ಅಲುಗಲಿಲ್ಲ. ಅಕ್ಕ ಮೂಗಿನ ಕೆಳಗೆ ಬೆರಳಿಟ್ಟಳು. ಗೊತ್ತಾಗಲಿಲ್ಲ. ತನ್ನ ಕೆನ್ನೆ ಇಟ್ಟಳು... ಉಸಿರು ಇತ್ತು. ಬೆಚ್ಚಗಿತ್ತು.

ಹಿಂಬಾಗಿಲ ಚಿಲಕ ಒಳಗಿನಿಂದ ಹಾಕಿದ ಹಾಗೇ ಇತ್ತು. ಮುಂಬಾಗಿಲ ಬೀಗ ಭಾವನೇ ತೆಗೆದದ್ದು.

ಅಕ್ಕ ಮಗುವನ್ನು ಎತ್ತಿಕೊಂಡು ಅಲುಗಿಸಿದಳು. ಏಳಲಿಲ್ಲ. ಅಂಗಾಲು ಚಿವುಟಿದಳು. ಕೊನೆಗೆ ಕಣ್ಣು ಬಿಟ್ಟಿತು. ಅಮ್ಮನ ಮುಖ ನೋಡಿತು. ತುಟಿ ಸೊಟ್ಟ ಮಾಡಿ, ಉಸಿರು ಎಳೆದು, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಅವರು ಸುಮ್ಮನಾಗಿಸಲು ಹೋಗಲಿಲ್ಲ. ಲೈಟ್ ಹಾಕಿಕೊಂಡೇ, ಇಬ್ಬರೂ ಗೋಡೆಗೆ ಒರಗಿ ಕೂತು, ಬೆಳಗಾಗುವವರೆಗೆ ಆ ಅಳು ಕೇಳಿದರು.

ಬೆಳಿಗ್ಗೆ ಭಾವ ಫೋನ್ ಮಾಡಿದಾಗ ನಾನು ಹೋದೆ. ಪಾಪು ನನ್ನ ಬೆರಳು ಹಿಡಿದು ಬಾಯಿಗೆ ಎಳೆದುಕೊಂಡಿತು. ಕೆನ್ನೆಯ ಮೇಲೆ ಹಿಂದಿನ ದಿನ ತಾನೇ ಗೀರಿಕೊಂಡ ಗೆರೆ ಇನ್ನೂ ಕೆಂಪಗಿತ್ತು. ಆದರೆ ಎರಡೂ ಕೈಯ ಉಗುರುಗಳನ್ನು ಕತ್ತರಿಸಿದ್ದರು. ಗುಂಡಗೆ, ನೀಟಾಗಿ, ಒಂದು ಮೂಲೆಯನ್ನೂ ಬಿಡದೆ.

"ಉಗುರು ಯಾವಾಗ ಕತ್ತರಿಸಿದೆ?" ಅಕ್ಕನನ್ನು ಕೇಳಿದೆ.

ಅಕ್ಕ ಭಾವನ ಮುಖ ನೋಡಿದಳು. ಭಾವ ಅಕ್ಕನ ಮುಖ ನೋಡಿದರು.

ನೀವು ನಂಬಿ, ಬಿಡಿ. ಆ ಬೆರಳುಗಳನ್ನು ನಾನು ಒಂದೊಂದಾಗಿ ಹಿಡಿದು ನೋಡಿದ್ದೇನೆ. ಆಮೇಲೆ ಮೂವರೂ ಸೇರಿ ಹಾಸಿಗೆ ಕೊಡವಿ, ನೆಲ ಗುಡಿಸಿ ಹುಡುಕಿದೆವು. ಒಂದು ಚೂರು ಉಗುರೂ ಸಿಗಲಿಲ್ಲ.